ಆ ಅಕ್ಕಿ ಇಸ್ಕೊಂಡು ಹೋಗಾಕೆ ಯಾರು ಬರ್ತಾರೆ?

ನಮ್ಮ ದಾವಣಗೆರೆ ಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಇನ್ನೊಂದು ಸಣ್ಣ ಡಬ್ಬಿ ಇರುತ್ತಿತ್ತು. ಹಳೇ ಡಾಲ್ಡಾ ಡಬ್ಬಿ, ಮೇಲಿನ ಬಣ್ಣವೆಲ್ಲ ಎದ್ದು ಹೋಗಿತ್ತು. ಅವ್ವ ಅನ್ನಕ್ಕೆ ಅಕ್ಕಿ ಅಳೆದುಕೊಂಡ ಮೇಲೆ, ತೊಳೆಯುವ ಮುಂಚೆ, ಅದರಿಂದ ಒಂದು ಹಿಡಿ ತೆಗೆದು ಈ ಡಬ್ಬಿಗೆ ಹಾಕುತ್ತಿದ್ದಳು. ಮುಷ್ಟಿ ಅಕ್ಕಿ. ಅದಕ್ಕೆ ಪೂಜೆ ಇಲ್ಲ, ಮಂತ್ರ ಇಲ್ಲ, ಒಲೆ ಮೇಲೆ ಎಸರು ಕುದಿಯುತ್ತಿರುವಾಗ ಆಗಿ ಹೋಗುವ ಕೆಲಸ. ತಿಂಗಳಿಗೊಮ್ಮೆ ಮಠದ ಹಾಸ್ಟೆಲಿನಿಂದ ಒಬ್ಬರು ಸೈಕಲ್ಲಿನಲ್ಲಿ ಬರುತ್ತಿದ್ದರು. ಕ್ಯಾರಿಯರಿಗೆ ಗೋಣಿಚೀಲ ಕಟ್ಟಿರುತ್ತಿತ್ತು. ಡಬ್ಬಿಯನ್ನು ಚೀಲಕ್ಕೆ ಬೋರಲು ಹಾಕಿಸಿಕೊಂಡು, ಒಂದು ಲೋಟ ನೀರು ಕುಡಿದು, ಮುಂದಿನ ಮನೆಗೆ ಹೊರಡುತ್ತಿದ್ದರು. ನಮ್ಮ ಬೀದಿ ಮುಗಿಯುವಷ್ಟರಲ್ಲಿ ಚೀಲ ಅರ್ಧ ತುಂಬಿರುತ್ತಿತ್ತು. ಸೋನಾ ಮಸೂರಿ, ರೇಷನ್ ಅಕ್ಕಿ, ದೋಸೆ ಅಕ್ಕಿ ಎಲ್ಲ ಒಂದೇ ಚೀಲದಲ್ಲಿ. ಹಾಸ್ಟೆಲ್ ಹುಡುಗರಿಗೆ ಅನ್ನ ಹೇಗಾಗುತ್ತಿತ್ತೋ ಏನೋ, ನನಗೆ ಈಗಲೂ ಕುತೂಹಲ.

2008ರಲ್ಲಿ ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಕಾಲೇಜಿನ ಹತ್ತಿರದ ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆಗೆ 20 ರೂಪಾಯಿ. ಅಲ್ಲಿ ಗೆಳೆಯನೊಬ್ಬ ಫ್ರೀರೈಸ್ ಅನ್ನುವ ತಾಣ ತೋರಿಸಿದ. ಪರದೆ ಮೇಲೆ ಒಂದು ಇಂಗ್ಲಿಷ್ ಪದ, ಕೆಳಗೆ ನಾಲ್ಕು ಅರ್ಥ. ಸರಿಯಾದದ್ದನ್ನು ಒತ್ತಿದರೆ ಪಕ್ಕದ ಮರದ ಬಟ್ಟಲಿಗೆ ಒಂದಷ್ಟು ಅಕ್ಕಿ ಕಾಳು ಬೀಳುತ್ತವೆ. ಅಷ್ಟು ಅಕ್ಕಿ ಹಸಿದವರಿಗೆ ಹೋಗುತ್ತದೆ ಅಂತ ಬರೆದಿತ್ತು. ನನಗೋ ಹಿಡಿದುಬಿಟ್ಟಿತು ಹುಚ್ಚು. ಇಂಗ್ಲಿಷೂ ಕಲಿತ ಹಾಗಾಯಿತು, ಪುಣ್ಯವೂ ಬಂತು. ಒಂದು ಸಂಜೆ ಪೂರ್ತಿ ಕೂತು ಎರಡು ಸಾವಿರ ಕಾಳು ಗಳಿಸಿ, ಮನೆಗೆ ಹೋಗಿ ಅವ್ವನಿಗೆ ಜಂಬದಿಂದ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಆ ಅಕ್ಕಿ ಇಸ್ಕೊಂಡು ಹೋಗಾಕೆ ಯಾರು ಬರ್ತಾರೆ?"

"ಅವ್ವಾ, ಅದು ಇಂಟರ್ನೆಟ್ಟು, ಯಾರೂ ಬರಲ್ಲ" ಅಂದೆ.

"ಹಂಗಾದ್ರೆ ಅಕ್ಕಿ ಹೆಂಗೆ ಹೋಗುತ್ತೆ?"

ಸಿಟ್ಟು ಬಂತು. ಉತ್ತರ ಗೊತ್ತಿಲ್ಲದಿದ್ದಾಗ ಬರುವ ಸಿಟ್ಟು. ಆವತ್ತು ರಾತ್ರಿ ಸುಮ್ನೆ ಕೂತು ಸಾವಿರ ಕಾಳು ಎಣಿಸಿದೆ, ನಿಜವಾಗಿಯೂ ಎಣಿಸಿದೆ. ಮಾರನೇ ದಿನ ಪೊಟ್ಟಣ ಕಟ್ಟಿಕೊಂಡು ಹೋಗಿ ಕಾಲೇಜು ಲ್ಯಾಬಿನ ತಕ್ಕಡಿಯಲ್ಲಿ ತೂಗಿದರೆ 14 ಗ್ರಾಂ. ಅಂದರೆ ನನ್ನ ಒಂದು ಸಂಜೆಯ ದಾನ 28 ಗ್ರಾಂ, ಅವ್ವನ ಒಂದು ಹಿಡಿಯಷ್ಟೂ ಇಲ್ಲ. ಆ ಸೆಂಟರಿಗೆ ಗಂಟೆಗೆ ಕೊಟ್ಟ 20 ರೂಪಾಯಿಗೆ ಆಗ ಹೆಚ್ಚು ಕಡಿಮೆ ಒಂದು ಕೇಜಿ ಅಕ್ಕಿಯೇ ಬರುತ್ತಿತ್ತು.

ಆದರೂ ಅದು ಮೋಸದ ತಾಣ ಆಗಿರಲಿಲ್ಲ. ಅದನ್ನು ಮಾಡಿದವರು ಜಾನ್ ಬ್ರೀನ್ ಅನ್ನುವ ಅಮೆರಿಕದ ಪ್ರೋಗ್ರಾಮರ್. 1999ರಲ್ಲೇ ಅವರು ಹಂಗರ್ ಸೈಟ್ ಅಂತ ಒಂದು ತಾಣ ಮಾಡಿದ್ದರು. ದಿನಕ್ಕೊಮ್ಮೆ ಒಂದು ಗುಂಡಿ ಒತ್ತಿದರೆ ಜಾಹೀರಾತು ಕೊಟ್ಟವರು ಒಂದಿಷ್ಟು ಊಟದ ದುಡ್ಡು ಕೊಡಬೇಕು, ಅಷ್ಟೇ. 2007ರಲ್ಲಿ ಫ್ರೀರೈಸ್ ಬಂತು. ನಾವು ಪದಗಳ ಅರ್ಥ ಹುಡುಕುವಾಗ ಕೆಳಗೆ ಜಾಹೀರಾತು ಓಡುತ್ತಿತ್ತು, ಅದರ ದುಡ್ಡು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮಕ್ಕೆ ಹೋಗುತ್ತಿತ್ತು, ಅವರು ಅಕ್ಕಿ ಕೊಳ್ಳುತ್ತಿದ್ದರು. 2009ರಲ್ಲಿ ಬ್ರೀನ್ ಇಡೀ ತಾಣವನ್ನೇ ಆ ಸಂಸ್ಥೆಗೆ ಕೊಟ್ಟುಬಿಟ್ಟರು. ಮೊದಲ ದಿನಗಳ ಅಕ್ಕಿ ಬಾಂಗ್ಲಾದೇಶದಲ್ಲಿದ್ದ ಮ್ಯಾನ್ಮಾರ್ ನಿರಾಶ್ರಿತರಿಗೆ ಹೋಯಿತಂತೆ. ಇದನ್ನು ಓದಿದ್ದು ಎಷ್ಟೋ ವರ್ಷ ಆದ ಮೇಲೆ. ಅಂದರೆ ಇಸ್ಕೊಂಡು ಹೋಗೋಕೆ ಸೈಕಲ್ಲಿನವರು ಇದ್ದರು, ನನಗೆ ಗೊತ್ತಿರಲಿಲ್ಲ ಅಷ್ಟೇ.

ಅವತ್ತಿನಿಂದ ಆನ್‌ಲೈನಿನಲ್ಲಿ ಯಾವ ಸಣ್ಣ ಸಹಾಯಕ್ಕೆ ಕೈ ಹಾಕಿದರೂ ಅವ್ವನ ಪ್ರಶ್ನೆ ಕಿವಿಯಲ್ಲಿ ಕೂರುತ್ತದೆ. ಡಬ್ಬಿಗೆ ಹಾಕುವುದು ನನ್ನ ಕೈಲಿದೆ. ಡಬ್ಬಿ ಬೋರಲು ಹಾಕಿಸಿಕೊಂಡು ಹೋಗುವವರು ಯಾರು? ಅವರಿಗೆ ಬೇಕಾದದ್ದನ್ನೇ ನಾನು ಹಾಕಿದ್ದೇನಾ? ಹೇಳುವಷ್ಟು ಸುಲಭವಾಗಿ ನಾನಿದನ್ನು ಕಲಿಯಲಿಲ್ಲ. ಮಧ್ಯೆ ಸುಮಾರು ವರ್ಷ ಫಾರ್ವರ್ಡ್ ಮಾಡುವುದೇ ಸಮಾಜಸೇವೆ ಅಂದುಕೊಂಡಿದ್ದೆ.

ರಕ್ತದ ಮೆಸೇಜುಗಳು ನಿಮಗೂ ಬಂದಿರುತ್ತವೆ. "ತುರ್ತು, ಬಿ ನೆಗೆಟಿವ್ ರಕ್ತ ಬೇಕಾಗಿದೆ, ಮಗುವಿಗೆ ಹಾರ್ಟ್ ಆಪರೇಷನ್, ದಯವಿಟ್ಟು ಎಲ್ಲ ಗ್ರೂಪಿಗೂ ಕಳಿಸಿ, ಒಂದು ಜೀವ ಉಳಿಸಿ." ಕೆಳಗೆ ಒಂದು ಫೋನ್ ನಂಬರ್. ದಿನಾಂಕ ಇಲ್ಲ, ಆಸ್ಪತ್ರೆ ಯಾವ ಊರಿನದು ಅಂತ ಇಲ್ಲ. ನಾನು ಓದಿ ಮುಗಿಸುವ ಮುಂಚೆಯೇ ಏಳು ಗ್ರೂಪಿಗೆ ಕಳಿಸಿಬಿಡುತ್ತಿದ್ದೆ. ಆಫೀಸು, ಅಪಾರ್ಟ್‌ಮೆಂಟು, ಕಾಲೇಜು ಬ್ಯಾಚು, ಚಿಕ್ಕಪ್ಪನ ಮಕ್ಕಳ ಗ್ರೂಪು. ಕಳಿಸಿದ ಮೇಲೆ ಮನಸ್ಸಿಗೆ ಏನೋ ಒಂಥರಾ ಹಗುರ. ರಕ್ತ ಕೊಟ್ಟವನಿಗೂ ಅಷ್ಟು ಹಗುರ ಆಗುತ್ತದೋ ಇಲ್ಲವೋ.

ಒಂದು ಸಲ ಅಂಥದ್ದೇ ಮೆಸೇಜು ಬಂತು. ನನ್ನ ಸಹೋದ್ಯೋಗಿಯದು ಬಿ ನೆಗೆಟಿವ್, ಅವನು ಕೊಡಲು ತಯಾರಿದ್ದ. ಸರಿ ಅಂತ ನಾನೇ ಆ ನಂಬರಿಗೆ ಫೋನ್ ಮಾಡಿದೆ. ಆ ಕಡೆ ಒಬ್ಬರು ತುಂಬ ಸುಸ್ತಾದ ದನಿಯಲ್ಲಿ ಹೇಳಿದರು, "ಸಾರ್, ಆಪರೇಷನ್ ಆಗಿ ಒಂದೂವರೆ ವರ್ಷ ಆಯ್ತು. ಮಗು ಈಗ ಮನೆ ತುಂಬ ಓಡಾಡ್ತಿದೆ, ದೇವರ ದಯೆ. ಆದ್ರೆ ನಿಮ್ಮಂಥೋರ ಫೋನು ಇನ್ನೂ ನಿಂತಿಲ್ಲ. ಮೊನ್ನೆ ರಾತ್ರಿ ಎರಡು ಗಂಟೆಗೆ ಯಾರೋ ಮಾಡಿದ್ರು. ನಂಬರ್ ಬದಲಾಯಿಸೋಣ ಅಂದ್ರೆ ಬ್ಯಾಂಕು, ಗ್ಯಾಸು, ಆಧಾರ್ ಎಲ್ಲ ಇದಕ್ಕೇ ಇದೆ." ಆಮೇಲೆ ಅವರೇ ಸಮಾಧಾನ ಮಾಡಿದರು, "ಪಾಪ, ಒಳ್ಳೇದಕ್ಕೇ ಮಾಡ್ತೀರಿ, ಬೇಜಾರು ಮಾಡ್ಕೋಬೇಡಿ." ಫೋನಿಟ್ಟು ಹಳೆಯ ಗ್ರೂಪುಗಳಲ್ಲಿ ಹುಡುಕಿದೆ. ಅದೇ ಮೆಸೇಜನ್ನು ಹದಿನಾಲ್ಕು ತಿಂಗಳ ಹಿಂದೆ ನಾನೂ ಕಳಿಸಿದ್ದೆ. ಅಂದರೆ ರಾತ್ರಿ ಎರಡು ಗಂಟೆಯ ಆ ಫೋನಿನಲ್ಲಿ ನನ್ನದೂ ಒಂದು ಪಾಲು.

ಆಮೇಲೆ ನನ್ನ ಪದ್ಧತಿ ಬದಲಾಯಿತು. ಮೊದಲು ಫೋನ್ ಮಾಡುತ್ತೇನೆ. ಇನ್ನೂ ಬೇಕಾ, ಯಾವ ಆಸ್ಪತ್ರೆ, ಎಷ್ಟು ಯೂನಿಟ್, ಯಾವತ್ತಿನವರೆಗೆ ಅಂತ ಕೇಳಿ, ಇವತ್ತಿನ ದಿನಾಂಕ ಹಾಕಿ, ಆ ರಕ್ತದ ಗುಂಪಿನವರು ಯಾರಿದ್ದಾರೋ ಅವರಿಗೆ ಮಾತ್ರ ಕಳಿಸುತ್ತೇನೆ. ಸಿಕ್ಕ ಮೇಲೆ "ಸಿಕ್ಕಿದೆ, ಇನ್ನು ಕಳಿಸಬೇಡಿ" ಅಂತ ಇನ್ನೊಂದು ಮೆಸೇಜು. ಈ ಎರಡನೇ ಮೆಸೇಜು ಯಾರೂ ಮುಂದೆ ಕಳಿಸುವುದಿಲ್ಲ, ಅದೊಂದು ವಿಚಿತ್ರ. ಎಷ್ಟೋ ಸಲ ಫೋನ್ ಮಾಡುವ ಮುಂಚೆ ಇ-ರಕ್ತಕೋಶ್ ತಾಣ ನೋಡಿದರೆ ಹತ್ತಿರದ ಯಾವ ಬ್ಲಡ್ ಬ್ಯಾಂಕಿನಲ್ಲಿ ಯಾವ ಗುಂಪಿನ ರಕ್ತ ಎಷ್ಟಿದೆ ಅಂತ ಕಾಣಿಸುತ್ತದೆ. ಕೇಂದ್ರ ಸರ್ಕಾರದ್ದು, 2016ರಿಂದ ಇದೆ. ಅಲ್ಲಿನ ಲೆಕ್ಕ ಯಾವಾಗಲೂ ಆ ಗಳಿಗೆಯದ್ದೇ ಆಗಿರುತ್ತದೆ ಅಂತಲ್ಲ, ಆದರೂ ಏಳು ಗ್ರೂಪಿಗಿಂತ ವಾಸಿ.

ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಮಾತಿಗೆ ಸಿಕ್ಕಾಗ ಹೇಳಿದ್ದು ಇನ್ನೂ ನೆನಪಿದೆ. ಒಂದೇ ದಿನ ಐವತ್ತು ಜನ ಓಡಿ ಬಂದರೆ ಅವರಿಗೆ ತಲೆನೋವೇ. ಪ್ಲೇಟ್‌ಲೆಟ್ ಇಟ್ಟುಕೊಳ್ಳಲು ಆಗುವುದು ಐದೇ ದಿನ. ಕೆಂಪು ಕಣಗಳೂ ಆರು ವಾರ ದಾಟುವುದಿಲ್ಲ. ಅವರಿಗೆ ಬೇಕಾದದ್ದು ಒಟ್ಟಿಗೆ ನುಗ್ಗುವ ಜನ ಅಲ್ಲ, ಸರದಿ. ಗಂಡಸರು 90 ದಿನಕ್ಕೆ, ಹೆಂಗಸರು 120 ದಿನಕ್ಕೆ ಒಮ್ಮೆ ಕೊಡಬಹುದು, ತೂಕ 45 ಕೇಜಿ ದಾಟಿರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಫೋನಿನ ಕ್ಯಾಲೆಂಡರಿನಲ್ಲಿ 90 ದಿನಕ್ಕೊಂದು ಗಂಟೆ ಇಟ್ಟುಕೊಂಡಿದ್ದೇನೆ. ಅದು ಹೊಡೆದಾಗಲೆಲ್ಲ ಹೋಗಿದ್ದೇನೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಫಾರ್ವರ್ಡ್ ಮಾಡುತ್ತಿದ್ದ ಕಾಲಕ್ಕಿಂತ ಜಾಸ್ತಿ ಸಲ ಹೋಗಿದ್ದೇನೆ.

ರಕ್ತದ ವಿಷಯದಲ್ಲಿ ಇಂಟರ್ನೆಟ್ಟು ನಿಜವಾಗಿ ಕೆಲಸಕ್ಕೆ ಬರುವುದು ಇನ್ನೊಂದು ಕಡೆ. ಬಾಂಬೆ ಬ್ಲಡ್ ಗ್ರೂಪ್ ಕೇಳಿದ್ದೀರಾ? 1952ರಲ್ಲಿ ಡಾ. ಭೇಂಡೆ ಮತ್ತು ಅವರ ಸಂಗಡಿಗರು ಮುಂಬೈಯಲ್ಲಿ ಮೊದಲು ಗುರುತಿಸಿದ್ದರಿಂದ ಆ ಹೆಸರು. ಮಾಮೂಲಿ ಪರೀಕ್ಷೆಯಲ್ಲಿ ಇವರದು ಓ ಅಂತಲೇ ಬರುತ್ತದೆ, ಆದರೆ ಓ ರಕ್ತ ಕೊಟ್ಟರೆ ಮೈಗೆ ಆಗುವುದಿಲ್ಲ. ಇವರಿಗೆ ಇವರಂಥವರದ್ದೇ ಬೇಕು, ಅಂಥವರು ಎಲ್ಲೋ ಒಬ್ಬೊಬ್ಬರು. ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಶನ್ ಇದಕ್ಕೆಂದೇ ಒಂದು ತಾಣ ನಡೆಸುತ್ತದೆ. ಅಲ್ಲಿ ಹೆಸರು ಬರೆಸಿದವರನ್ನು ಹುಡುಕಿ, ಅವರು ಇರುವ ಊರಲ್ಲಿ ರಕ್ತ ತೆಗೆಸಿ, ಬೇಕಾದ ಊರಿಗೆ ತಲುಪಿಸುವ ಕೆಲಸ. ಇಂಥ ಕಡೆ ಒಂದೇ ಒಂದು ಹೆಸರು ಸೇರಿದರೂ ಅದಕ್ಕೆ ಬೆಲೆ ಇದೆ. ನಮ್ಮ ಸಾವಿರ ಫಾರ್ವರ್ಡಿನಿಂದ ಆ ಒಬ್ಬರನ್ನು ಹುಟ್ಟಿಸಲು ಆಗುವುದಿಲ್ಲ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ, ಯಾಕಂದ್ರೆ ಅದರಲ್ಲಿ ನನ್ನ ಅನುಭವ ಕಡಿಮೆ, ಗೊಣಗಾಟ ಜಾಸ್ತಿ. ಒಂದು ತಾಣದಲ್ಲಿ ಯಾರದೋ ಚಿಕಿತ್ಸೆಗೆ 500 ರೂಪಾಯಿ ಹಾಕಲು ಹೋದೆ. ಕೊನೆಯಲ್ಲಿ ನೋಡಿದರೆ ಮೊತ್ತ ಹೆಚ್ಚಾಗಿದೆ. ತಾಣ ನಡೆಸುವವರಿಗೆ ಟಿಪ್ ಅಂತೆ, ಮೊದಲೇ ಸೇರಿಸಿಬಿಟ್ಟಿದ್ದಾರೆ. ಬೇಡ ಅನ್ನುವ ಆಯ್ಕೆ ಹುಡುಕಲು ಕನ್ನಡಕ ಬೇಕಾಯಿತು. ತಾಣ ನಡೆಸಲು ಖರ್ಚಿದೆ ಅನ್ನುವುದು ಒಪ್ಪುತ್ತೇನೆ, ಕೇಳಿದರೆ ಕೊಡುತ್ತಿದ್ದೆ. ಹೀಗೆ ಜೇಬಿಗೆ ಕೈ ಹಾಕಬಾರದಿತ್ತು. ಯುಪಿಐ ಬಂದ ಮೇಲೆ ನಮ್ಮೂರ ಹಾಸ್ಟೆಲಿನವರೂ ಒಂದು ಕ್ಯೂಆರ್ ಹಾಳೆ ಮಾಡಿಸಿದ್ದಾರೆ. ನಾನು ತಿಂಗಳಿಗೆ 300 ರೂಪಾಯಿ ತನ್ನಷ್ಟಕ್ಕೆ ಹೋಗುವ ಹಾಗೆ ಮಾಡಿಟ್ಟಿದ್ದೇನೆ. ಸೈಕಲ್ಲಿನವರು ಈಗ ಬರುವುದಿಲ್ಲ. ಅವ್ವ ಮಾತ್ರ ಡಬ್ಬಿ ಬಿಟ್ಟಿಲ್ಲ. ತುಂಬಿದಾಗ ಕೈಚೀಲಕ್ಕೆ ಸುರಿದುಕೊಂಡು ತಾನೇ ಆಟೋ ಹತ್ತಿ ಹೋಗಿ ಕೊಟ್ಟು ಬರುತ್ತಾಳೆ. ಆಟೋ ಬಾಡಿಗೆ ಅಕ್ಕಿಯ ಬೆಲೆಗಿಂತ ಜಾಸ್ತಿ ಆಗುತ್ತೆ ಅಂತ ಹೇಳಿ ಬೈಸಿಕೊಂಡಿದ್ದೇನೆ.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಕಂಪ ಆಯಿತಲ್ಲ, ಆಗ ಆಫೀಸಿನ ಒಬ್ಬ ಹುಡುಗಿ ಊಟದ ಬಿಡುವಿನಲ್ಲಿ ಒಂದು ಹೊಸ ಕೆಲಸ ಕಲಿಸಿದಳು. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಒಂದು ನಕ್ಷೆ ಇದೆ, ಯಾರು ಬೇಕಾದರೂ ತಿದ್ದಬಹುದು. ಬೆಟ್ಟದ ಹಳ್ಳಿಗಳ ಉಪಗ್ರಹ ಚಿತ್ರ ಕೊಡುತ್ತಾರೆ. ಅದನ್ನು ಸಣ್ಣ ಸಣ್ಣ ಚೌಕ ಮಾಡಿರುತ್ತಾರೆ. ಒಂದು ಚೌಕ ತೆಗೆದುಕೊಂಡು ಅಲ್ಲಿ ಕಾಣುವ ಮನೆ, ದಾರಿ ಎಲ್ಲದರ ಮೇಲೆ ಗೆರೆ ಎಳೆಯಬೇಕು. 2010ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪ ಆದಾಗ ಅದರ ರಾಜಧಾನಿಯ ನಕ್ಷೆಯನ್ನು ಹೀಗೆಯೇ, ಜಗತ್ತಿನ ಎಲ್ಲೆಲ್ಲೋ ಕೂತವರು ಕೆಲವೇ ವಾರದಲ್ಲಿ ತುಂಬಿಸಿದ್ದರು. ನಾನು ಎರಡು ಚೌಕ ಮುಗಿಸಿ ಬೀಗಿದೆ. ಮಾರನೇ ದಿನ ಯಾರೋ ಪರಿಶೀಲಿಸಿದವರಿಂದ ತುಂಬ ಮರ್ಯಾದೆಯ ಒಂದು ಟಿಪ್ಪಣಿ ಬಂದಿತ್ತು. ನೀವು ಮನೆ ಅಂತ ಗುರುತಿಸಿದ್ದರಲ್ಲಿ ಆರು ಹುಲ್ಲಿನ ಬಣವೆ ಇರಬಹುದು, ನೆರಳು ನೋಡಿ, ಮನೆಯ ನೆರಳಿಗೆ ಮೂಲೆ ಇರುತ್ತದೆ, ಬಣವೆಯ ನೆರಳು ದುಂಡಗೆ. ಬಣವೆ ನೋಡುತ್ತಲೇ ಬೆಳೆದವನು ನಾನು! ಮೇಲಿಂದ ನೋಡಿರಲಿಲ್ಲ ಅಷ್ಟೇ. ಆ ಟಿಪ್ಪಣಿ ಓದಿದಾಗ ಎದೆ ಸ್ವಲ್ಪ ಝಲ್ಲೆಂದಿತು, ಯಾಕಂದ್ರೆ ಆ ನಕ್ಷೆ ಹಿಡಿದು ನೆರವಿಗೆ ಹೋದ ಯಾರೋ ಗುಡ್ಡ ಹತ್ತುತ್ತಾರೆ, ಆರು ಮನೆ ಹುಡುಕಿಕೊಂಡು ಬಣವೆಗೆ ಹೋಗಿ ನಿಲ್ಲುತ್ತಾರೆ.

ಇಷ್ಟು ಹೇಳಿದ್ದು ಮುಂದಿನದಕ್ಕೆ. ನಾನು ಜಾಸ್ತಿ ದಿನ ಮಾಡಿದ ಕೆಲಸ ಒಂದೇ, ಅದೂ ಒಂದು ಮೆಸೇಜಿನಿಂದಲೇ ಶುರುವಾಯಿತು.

2019ರ ಮೇ. ಗ್ರೂಪಿನಲ್ಲಿ ಒಂದು ಮೆಸೇಜು. "ಕಣ್ಣು ಕಾಣದ ಬಿಎ ವಿದ್ಯಾರ್ಥಿಗೆ ಪರೀಕ್ಷೆ ಬರೆಯಲು ಸಹಾಯಕರು ಬೇಕು. ವಿಷಯ ಇತಿಹಾಸ, ಕನ್ನಡ ಮಾಧ್ಯಮ. ಇಂಥ ದಿನ, ಇಷ್ಟು ಗಂಟೆಗೆ, ಇಂಥ ಕಾಲೇಜು. ಕನ್ನಡ ವೇಗವಾಗಿ, ತಪ್ಪಿಲ್ಲದೆ ಬರೆಯಲು ಬರಬೇಕು." ಎಷ್ಟು ಅಚ್ಚುಕಟ್ಟು ನೋಡಿ. ಫೋನ್ ಮಾಡಿದೆ. ಆ ಕಡೆಯವರು ಕೇಳಿದ ಮೊದಲ ಪ್ರಶ್ನೆ, "ನೀವು ಏನು ಓದಿದ್ದೀರಿ?" ಇಂಜಿನಿಯರಿಂಗ್ ಅಂದೆ. "ಹಾಗಾದ್ರೆ ನೀವಾಗಲ್ಲ ಸಾರ್" ಅಂದುಬಿಟ್ಟರು. ಬರೆಯುವವರು ಪರೀಕ್ಷೆ ಕೊಡುವವರಿಗಿಂತ ಕಡಿಮೆ ಓದಿರಬೇಕು, ಇಲ್ಲದಿದ್ದರೆ ಉತ್ತರ ಯಾರದು ಅನ್ನುವ ಅನುಮಾನ ಬರುತ್ತದೆ. "ನಿಮ್ಮ ಮನೇಲಿ ಪಿಯುಸಿ ಓದೋರು ಯಾರಾದ್ರೂ ಇದ್ದಾರಾ?" ಇದ್ದಳು, ಅಕ್ಕನ ಮಗಳು. ಕೊನೆಗೆ ನನ್ನ ಸೇವೆ ಅವಳನ್ನು ಬೈಕಿನಲ್ಲಿ ಬಿಟ್ಟು ಬರುವುದಕ್ಕೆ ಇಳಿಯಿತು. ಎರಡು ಗಂಟೆಗಳ ಒಳಗೆ ಗ್ರೂಪಿನಲ್ಲಿ "ಸಿಕ್ಕಿದ್ದಾರೆ, ಧನ್ಯವಾದ, ಇನ್ನು ಕಳಿಸಬೇಡಿ" ಅಂತ ಬಂತು.

ಮೂರು ಗಂಟೆಯ ಪರೀಕ್ಷೆ. ಗಂಟೆಗೆ 20 ನಿಮಿಷದಂತೆ ಇನ್ನೊಂದು ಗಂಟೆ ಹೆಚ್ಚುವರಿ ಕೊಡುತ್ತಾರೆ. ನಾನು ಹೊರಗೆ ಹೊಂಗೆ ಮರದ ಕೆಳಗೆ ಕೂತಿದ್ದೆ. ಮುಗಿಸಿ ಬಂದ ಮೇಲೆ ಮೂವರೂ ಚಹಾ ಕುಡಿಯಲು ಹೋದೆವು. ಹುಡುಗ ಕೊಪ್ಪಳ ಕಡೆಯವನು. ಮಾತು ಅಂದ್ರೆ ಮಾತು, ನಗು ಅಂದ್ರೆ ನಗು. ನನ್ನ ಅಕ್ಕನ ಮಗಳು ಶಾಸನ ಅನ್ನುವುದಕ್ಕೆ ಎರಡು ಸಲ ಶಾಶನ ಅಂತ ಬರೆದಿದ್ದನ್ನು ಹೇಗೋ ಪತ್ತೆ ಹಚ್ಚಿ ತಿದ್ದಿಸಿದ್ದನಂತೆ. ಚಹಾ ಮುಗಿಯುವ ಹೊತ್ತಿಗೆ ಕೇಳಿದ, "ಸರ, ನಿಮಗ ಕಂಪ್ಯೂಟರ್‌ನ್ಯಾಗ ಕನ್ನಡ ಬರ್ತೈತೇನ್ರಿ?"

ಫೋನ್ ತೆಗೆದು ಅವನ ನೋಟ್ಸ್ ತೋರಿಸಿದ. ಸೀನಿಯರುಗಳು ಕೊಟ್ಟ ಪಿಡಿಎಫ್. ಪರದೆ ಮೇಲೆ ಒಳ್ಳೇ ಮುದ್ದಾದ ಕನ್ನಡ. ಅವನ ಫೋನಿನಲ್ಲಿ ಪರದೆ ಓದುವ ತಂತ್ರಾಂಶ ಇದೆ, ಬೆರಳಿಟ್ಟ ಕಡೆಯದನ್ನು ಗಟ್ಟಿಯಾಗಿ ಓದುತ್ತದೆ. ಕನ್ನಡ ಅನ್ನುವ ಪದದ ಮೇಲೆ ಬೆರಳಿಟ್ಟ. ಅದು "ಪಿ... ಪೌಂಡ್... ಕ್ಯೂ" ಅಂತ ಏನೇನೋ ಓದಿತು. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಹಳೆಯ ರೀತಿಯಲ್ಲಿ ಟೈಪ್ ಮಾಡಿದ್ದರೆ ಹೀಗೆಯೇ. ಕಣ್ಣಿಗೆ ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷಿನ ಪಿ, ಕ್ಯೂ ಮತ್ತು ಪೌಂಡ್ ಚಿಹ್ನೆ. ಫಾಂಟ್ ಅನ್ನುವ ಮುಖವಾಡ ಹಾಕಿದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಯುನಿಕೋಡ್ ಅಂತ ಇದೆ, ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಗುರುತು ಇರುತ್ತದೆ, ಅದರಲ್ಲಿದ್ದರೆ ಈ ತೊಂದರೆ ಇಲ್ಲ. "ನೋಡ್ರಿ ಸರ," ಅಂದ ನಗುತ್ತಾ, "ಬ್ರಿಟಿಷರು ಹೋಗಿ ಎಪ್ಪತ್ತು ವರ್ಷ ಆತು, ನಮ್ಮ ಇತಿಹಾಸದಾಗಿಂದ ಪೌಂಡ್ ಇನ್ನೂ ಹೋಗಿಲ್ರಿ."

ನಾನು ವರ್ಷಗಟ್ಟಲೆ ಕಂಪ್ಯೂಟರ್ ಮುಂದೆ ಕೂತವನು. ಇದು ನನಗೆ ಹೊಳೆದೇ ಇರಲಿಲ್ಲ. ಕಣ್ಣು ಕಾಣದವರಿಗೆ ತಂತ್ರಜ್ಞಾನ ಇಲ್ಲ ಅಂತಲ್ಲ. ಎನ್‌ವಿಡಿಎ ಅಂತ ಪರದೆ ಓದುವ ಒಳ್ಳೆಯ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ, ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು ಸೇರಿ ಕಟ್ಟಿದ್ದು, 2006ರಲ್ಲಿ ಶುರುವಾಯಿತು. ಕನ್ನಡವನ್ನೂ ಓದುತ್ತದೆ. ಕಾನೂನೂ ಅವರ ಕಡೆಗಿದೆ. ಅಂಗವಿಕಲರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಬಹುದು ಅಂತ 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆ ತಿದ್ದುಪಡಿ ಆಯಿತು. ಇದೇ ವಿಷಯದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶ ನಮ್ಮದು. 2016ರಲ್ಲಿ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯವೂ ಬಂತು. ಎಲ್ಲ ಇದೆ. ಆ ಹುಡುಗನ ನೋಟ್ಸು ಮಾತ್ರ ಪೌಂಡಿನಲ್ಲೇ ಉಳಿದಿತ್ತು.

ಇಂಗ್ಲಿಷಿನವರಿಗೆ ಈ ವಿಷಯದಲ್ಲಿ ಅದೃಷ್ಟ. 2000ದಿಂದಲೇ ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್ ಅಂತ ಒಂದು ಬಳಗ ಹಳೆಯ ಪುಸ್ತಕಗಳನ್ನು ದಿನಕ್ಕೊಂದು ಪುಟದಂತೆ ತಿದ್ದುತ್ತಾ ಬಂದಿದೆ. 2007ರ ಸುಮಾರಿಗೆ ನಾವೆಲ್ಲ ಲಾಗಿನ್ ಆಗುವಾಗ ಎರಡು ಸೊಟ್ಟ ಪದ ಟೈಪ್ ಮಾಡುತ್ತಿದ್ದೆವಲ್ಲ, ರೀಕ್ಯಾಪ್ಚಾ, ಅದರಲ್ಲಿ ಒಂದು ಪದ ಯಾವುದೋ ಹಳೆಯ ಪುಸ್ತಕದಿಂದ ಬಂದದ್ದು, ಕಂಪ್ಯೂಟರಿಗೆ ಓದಲಾಗದೆ ನಮ್ಮ ಕೈಲಿ ಓದಿಸುತ್ತಿದ್ದರು. ಲೂಯಿಸ್ ವಾನ್ ಆನ್ ಮತ್ತು ಅವರ ತಂಡದ ಯೋಚನೆ, 2009ರಲ್ಲಿ ಗೂಗಲ್ ಕೊಂಡುಕೊಂಡಿತು. ದಾವಣಗೆರೆಯ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ನಾನೂ ನ್ಯೂಯಾರ್ಕ್ ಟೈಮ್ಸಿನ ಹಳೇ ಸಂಚಿಕೆಯ ಯಾವುದೋ ಪದ ಬಿಡಿಸಿರಬಹುದು. ಕನ್ನಡದ ಪದವನ್ನು ಯಾರೂ ನನ್ನ ಮುಂದೆ ಇಡಲಿಲ್ಲ.

ನೋಟ್ಸ್ ಕಳಿಸಲು ಹೇಳಿದೆ. ಒಟ್ಟು 160 ಪುಟ. ಹಳೆಯ ಅಕ್ಷರಗಳನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳನ್ನು ಕನ್ನಡದ ಹುಡುಗರು ಬರೆದು ಉಚಿತವಾಗಿ ಇಟ್ಟಿದ್ದಾರೆ. ಹಾಕಿದೆ, ಅರ್ಧ ನಿಮಿಷದಲ್ಲಿ ಬಂತು. ಆಹಾ, ಕೆಲಸ ಮುಗೀತು ಅಂದುಕೊಂಡೆ. ಓದಿ ನೋಡಿದರೆ ಅರ್ಕಾವೊತ್ತು ಜಾಗ ತಪ್ಪಿದೆ, ಒತ್ತಕ್ಷರಗಳು ಪಕ್ಕದ ಅಕ್ಷರಕ್ಕೆ ಹಾರಿವೆ. ಕೆಲವು ಪುಟ ಸ್ಕ್ಯಾನ್ ಮಾಡಿದ ಚಿತ್ರ, ಅದನ್ನು ಓಸಿಆರ್ ಮಾಡಿದರೆ, ಅಂದರೆ ಚಿತ್ರದಲ್ಲಿರುವ ಅಕ್ಷರವನ್ನು ಕಂಪ್ಯೂಟರಿನಿಂದಲೇ ಓದಿಸಿದರೆ, ಧ ಇದ್ದ ಕಡೆ ಥ, ಘ ಇದ್ದ ಕಡೆ ಫ. ಮೊದಲ ರಾತ್ರಿ ಮೂರು ಗಂಟೆ ಕೂತು ಹನ್ನೊಂದು ಪುಟ ಮುಗಿಸಿದೆ. ಗೆಳೆಯರ ಗ್ರೂಪು ಮಾಡಿದೆ. ಒಬ್ಬರಿಗೆ ದಿನಕ್ಕೆ ಎರಡೇ ಪುಟ. ಮೊದಲ ವಾರ 23 ಜನ ಇದ್ದೆವು, ಎಲ್ಲರಿಗೂ ಭಾರೀ ಹುರುಪು. ಮೂರನೇ ವಾರಕ್ಕೆ ನಾಲ್ಕು ಜನ. ಬೈಯುತ್ತಿಲ್ಲ, ನಾನೂ ಎಷ್ಟೋ ಗ್ರೂಪುಗಳಿಂದ ಹೀಗೆಯೇ ಮಾಯವಾದವನು. ಆ ನಾಲ್ವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಅವರು ಎರಡು ಅಂದರೆ ಎರಡೇ ಪುಟ ಮಾಡುತ್ತಿದ್ದರು, ಆದರೆ ಒಂದು ದಿನವೂ ತಪ್ಪಿಸಲಿಲ್ಲ.

40 ಪುಟ ಆದಾಗ ಹೆಮ್ಮೆಯಿಂದ ಕಳಿಸಿದೆವು. ಶೀರ್ಷಿಕೆಗಳನ್ನು ದಪ್ಪ ಮಾಡಿ, ನಡುವಿಗೆ ತಂದು, ರಾಜವಂಶಗಳಿಗೆ ಒಂದೊಂದು ಬಣ್ಣ ಕೊಟ್ಟು. ಬಣ್ಣ! ಕಣ್ಣು ಕಾಣದ ಹುಡುಗನಿಗೆ. ಯಾರಿಗೂ ಹೊಳೆಯಲಿಲ್ಲ. ಅವನು ನಗಲಿಲ್ಲ, ಬಿಡಿಸಿ ಹೇಳಿದ. ದಪ್ಪ ಅಕ್ಷರ ತನಗೆ ಗೊತ್ತಾಗುವುದಿಲ್ಲ, ಅದನ್ನು ಶೀರ್ಷಿಕೆ ಅಂತಲೇ ಗುರುತು ಹಾಕಿದರೆ ಒಂದರಿಂದ ಇನ್ನೊಂದಕ್ಕೆ ಜಿಗಿಯಬಹುದು. ಪಟ್ಟಿಗಳನ್ನು ಕೋಷ್ಟಕದಲ್ಲಿ ಇಡುವ ಬದಲು ವಾಕ್ಯ ಮಾಡಿ ಕೊಡಿ. "ಚಿತ್ರ ನೋಡಿ" ಅಂತ ಬರೆಯುವ ಬದಲು ಚಿತ್ರದಲ್ಲಿ ಏನಿದೆ ಅಂತ ಬರೆಯಿರಿ. ಮತ್ತೆ ಈ ಸೊನ್ನೆ ಎಲ್ಲಿಂದ ಬರುತ್ತಿದೆ?

ಸೊನ್ನೆಯ ಕತೆ ಏನಂದರೆ, ಕನ್ನಡದ ಅನುಸ್ವಾರವೂ ಕನ್ನಡ ಅಂಕಿಯ ಸೊನ್ನೆಯೂ ನೋಡಲು ಒಂದೇ. ಟೈಪ್ ಮಾಡುವವರು ಎಷ್ಟೋ ಜನ ಅನುಸ್ವಾರದ ಬದಲು ಸೊನ್ನೆ ಒತ್ತಿರುತ್ತಾರೆ. ನಮಗೆ ವ್ಯತ್ಯಾಸ ಕಾಣುವುದಿಲ್ಲ. ಅವನ ಫೋನು ಮಾತ್ರ ಗಂಗರು ಅನ್ನುವುದನ್ನು "ಗ ಸೊನ್ನೆ ಗರು" ಅಂತ ಓದುತ್ತಿತ್ತು. ನಾಲ್ಕು ಜನ, ಎಂಟು ಕಣ್ಣು, 40 ಪುಟ ಓದಿ ಒಬ್ಬರೂ ಹಿಡಿಯದ ತಪ್ಪನ್ನು ಅವನು ಮೊದಲ ಸಾಲಿನಲ್ಲೇ ಹಿಡಿದ. ಆಮೇಲೆ ಪದ್ಧತಿ ತಿರುಗಿಸಿದೆವು. ಐದು ಪುಟ ಆದ ಕೂಡಲೇ ಅವನಿಗೆ, ಅವನು ಕೇಳಿ ಹೇಳಿದ ಮೇಲೆ ಮುಂದಿನದು.

ವಿಜಯನಗರ ಸಾಮ್ರಾಜ್ಯದ ನಕ್ಷೆ ಬಂದಾಗ ಎಲ್ಲರೂ ಕೈಚೆಲ್ಲಿದೆವು. ನಕ್ಷೆಯನ್ನು ಮಾತಿನಲ್ಲಿ ಹೇಗೆ ಹೇಳುವುದು? ಅವನೇ ದಾರಿ ತೋರಿಸಿದ. "ನಮ್ಮೂರಿಂದ ಹಂಪಿ ಯಾವ ದಿಕ್ಕಿಗೆ ಐತಿ, ಎಷ್ಟು ದೂರ ಐತಿ ನನಗ ಗೊತ್ರಿ. ಅಲ್ಲಿ ನಿಂತು ಹೇಳ್ರಿ." ಮೇಷ್ಟ್ರು ಬರೆದರು. ಹಂಪಿಯಲ್ಲಿ ನಿಂತಿದ್ದೀಯ, ಹೊಳೆ ಉತ್ತರಕ್ಕಿದೆ, ಪೂರ್ವಕ್ಕೆ ನಡೆದರೆ ಏನೇನು ಸಿಗುತ್ತದೆ, ದಕ್ಷಿಣಕ್ಕೆ ಎಲ್ಲಿಯವರೆಗೆ ಹೋಗಬಹುದು. ಆ ಒಂದು ಪುಟ ನಾವು ಮಾಡಿದ್ದರಲ್ಲೆಲ್ಲ ಚೆನ್ನಾಗಿದೆ ಅಂತ ನನ್ನ ಅಭಿಪ್ರಾಯ. ಕಣ್ಣಿರುವವರೂ ಓದಬೇಕು ಅದನ್ನು.

ಇದರ ರುಚಿ ಹತ್ತಿದ ಮೇಲೆ ಯಾರು ಬೇಕಾದರೂ ಪುಸ್ತಕ ಓದಿ ತಿದ್ದಬಹುದಾದ ಉಚಿತ ಆನ್‌ಲೈನ್ ಗ್ರಂಥಾಲಯ ಕನ್ನಡ ವಿಕಿಸೋರ್ಸಿನಲ್ಲೂ ಆಗಾಗ ಪುಟ ತಿದ್ದುತ್ತೇನೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ಸಂಪುಟಗಳು ಮುಕ್ತ ಪರವಾನಗಿಗೆ ಬಂದು ಅಲ್ಲಿ ಸೇರಿವೆ. ಒಬ್ಬರು ತಿದ್ದಿದರೆ ಪುಟ ಹಳದಿ, ಇನ್ನೊಬ್ಬರು ನೋಡಿ ಒಪ್ಪಿದರೆ ಹಸಿರು. ಕೆಂಪು ಪುಟಗಳು ಬೇಕಾದಷ್ಟಿವೆ, ಯಾರಿಗೂ ಕೆಲಸದ ಬರ ಇಲ್ಲ. ಬಿ ಮೈ ಐಸ್ ಅನ್ನುವ ಆ್ಯಪ್ ಕೂಡ ಹಾಕಿಕೊಂಡೆ, 2015ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾಗಿದ್ದು, ಕಣ್ಣು ಕಾಣದವರು ವಿಡಿಯೋ ಕರೆ ಮಾಡಿ ಎದುರಿಗಿರುವುದು ಏನು ಅಂತ ಕೇಳುತ್ತಾರೆ. ಅಲ್ಲಿ ಸಹಾಯ ಬೇಕಾದವರಿಗಿಂತ ಸಹಾಯ ಮಾಡುವವರೇ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ನನಗೆ ಇಲ್ಲಿಯವರೆಗೆ ಬಂದದ್ದು ಮೂರೇ ಕರೆ. ಒಬ್ಬರು ಅಜ್ಜಿ ಕೈಲಿ ನಂದಿನಿ ಪ್ಯಾಕೆಟ್ ಹಿಡಿದು, "ಇದು ಹಾಲೋ ಮೊಸರೋ ನೋಡಪ್ಪ" ಅಂದರು. ಮೊಸರು. "ಅಯ್ಯೋ, ಕಾಫಿಗೆ ಹಾಕ್ತಿದ್ದೆ" ಅಂತ ಇಟ್ಟೇಬಿಟ್ಟರು. ಹನ್ನೆರಡು ಸೆಕೆಂಡಿನ ಸೇವೆ, ಆದರೆ ಆ ಕಾಫಿ ಉಳಿಯಿತು ನೋಡಿ.

ಹುಡುಗ ಬಿಎ ಮುಗಿಸಿದ, ಈಗ ಊರ ಕಡೆಯೇ ಒಂದು ಕಚೇರಿಯಲ್ಲಿ ಕೆಲಸ. ಆ 160 ಪುಟಗಳ ಕಡತ ಅವನ ಕೈಯಿಂದ ಜೂನಿಯರುಗಳಿಗೆ, ಅವರಿಂದ ಇನ್ಯಾವುದೋ ಊರಿನ ಹಾಸ್ಟೆಲಿಗೆ ಹೋಗಿದೆಯಂತೆ. ಎಲ್ಲಿಗೆ ಅಂತ ಅವನಿಗೂ ಪೂರ್ತಿ ಗೊತ್ತಿಲ್ಲ. ಅವ್ವನಿಗೆ ಹೇಳಿದಾಗ ಈ ಸಲ ಅವಳು ಪ್ರಶ್ನೆ ಕೇಳಲಿಲ್ಲ, "ಆ ಹುಡುಗನ್ನ ಒಂದ್ಸಲ ಊಟಕ್ಕೆ ಕರ್ಕೊಂಡು ಬಾ" ಅಂದಳು.

ಮೊನ್ನೆ ಅವನಿಂದ ಒಂದು ವಾಯ್ಸ್ ಮೆಸೇಜು ಬಂದಿದೆ. "ಸರ, ನಲವತ್ತೆರಡನೇ ಪುಟದಾಗ ಇನ್ನೂ ಒಂದು ಸೊನ್ನಿ ಉಳದೈತ್ರಿ. ಹಂಪಿ ಹೋಗಿ ಹ ಸೊನ್ನಿ ಪಿ ಆಗೇತಿ. ಒಬ್ಬ ಹುಡುಗಿ ಫೋನ್ ಮಾಡಿ ಹೇಳಿದ್ಲು, ಯಾವೂರಾಕಿ ಅಂತ ಕೇಳೋದು ಮರತೆ." ಕಡತ ತೆಗೆದು ನೋಡುತ್ತಿದ್ದೇನೆ. ನನ್ನ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿದೆ.